ನೀರು ಸೋಸುವ ಮಾತು

ಕುಷ್ಟಗಿಯ ಕೊಟ್ರಬಸಪ್ಪ ಗಣಿತ ಯಾಕೆ ಬಿಟ್ಟ ಎಂದು ಯಾರಾದರೂ ಕೇಳಿದರೆ ಊರಿನವರು ಅವನ ಎಡಗಾಲು ತೋರಿಸುತ್ತಿದ್ದರು. ಪಾದದ ಕೀಲಿನ ಹತ್ತಿರ ಸುಟ್ಟ ಹಾಗೆ ಸುಕ್ಕುಗಟ್ಟಿದ ಕಲೆ. ಆ ಕೀಲು ಮಡಚುತ್ತಿರಲಿಲ್ಲ. ನಡೆಯುವಾಗ ಆ ಪಾದವನ್ನು ನೆಲದ ಮೇಲೆ ಹಲಗೆ ಇಟ್ಟ ಹಾಗೆ ಇಡುತ್ತಿದ್ದ. ಊರಿನವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಕಾಲು ಕೆಡುವುದಕ್ಕೆ ಎಷ್ಟೋ ಮೊದಲೇ ತನಗೆ ದಣಿವಾಗಿತ್ತು ಎನ್ನುವುದು ಅವನೊಬ್ಬನಿಗೆ ಗೊತ್ತಿತ್ತು.

ಅವನು ಓದಿದ್ದೆಲ್ಲ ಉರ್ದುವಿನಲ್ಲಿ. ನಿಜಾಮರ ಸೀಮೆಯಲ್ಲಿ ಮುಂದೆ ಓದಬೇಕೆಂದರೆ ಬೇರೆ ದಾರಿ ಇರಲಿಲ್ಲ. ಕುಷ್ಟಗಿ, ಗುಲ್ಬರ್ಗಾ, ಕೊನೆಗೆ ಹೈದರಾಬಾದು. ಕನ್ನಡ ಅಕ್ಷರಗಳನ್ನು ಅಪ್ಪ ಮನೆಯ ಕಟ್ಟೆಯ ಮೇಲೆ ಕೂಡಿಸಿಕೊಂಡು ತಿದ್ದಿಸಿದ್ದ, ಅಷ್ಟೇ. ಎಂ.ಎ. ಮುಗಿಸಿ ಹೈದರಾಬಾದಿನ ಒಂದು ಕಾಲೇಜಿನಲ್ಲಿಯೇ ಗಣಿತದ ಅಧ್ಯಾಪಕನಾದಾಗ ಅವ್ವ ಕಳಕಮ್ಮ ಓಣಿಯವರಿಗೆಲ್ಲ ಬೆಲ್ಲ ಹಂಚಿದಳು. ಮಗ ಏನು ಮಾಡುತ್ತಾನೆ ಎಂದು ಕೇಳಿದವರಿಗೆ "ದೊಡ್ಡ ಲೆಕ್ಕ ಮಾಡ್ತಾನ" ಎನ್ನುತ್ತಿದ್ದಳು.

ಲೆಕ್ಕ ದೊಡ್ಡದೇ ಇತ್ತು. ಒಂದು ಸಂಖ್ಯೆಯನ್ನು ವರ್ಗಸಂಖ್ಯೆಗಳಾಗಿ ಎಷ್ಟು ಬಗೆಯಲ್ಲಿ ಒಡೆಯಬಹುದು ಎನ್ನುವ ಪ್ರಶ್ನೆಯ ಒಂದು ಮೂಲೆಯನ್ನು ಅವನು ಹಿಡಿದುಕೊಂಡಿದ್ದ. ಮೊದಮೊದಲು ಕೈಗೆ ಏನೋ ಸಿಕ್ಕಿತು. ಅದು ಅಚ್ಚಾಯಿತು, ಪ್ರೊಫೆಸರ್ ಸಾಹೇಬರು ಬೆನ್ನು ತಟ್ಟಿದರು. ಆಮೇಲೆ ವರ್ಷಗಟ್ಟಲೆ ಏನೂ ಸಿಗಲಿಲ್ಲ. ಸಂಜೆ ಕಾಲೇಜಿನಿಂದ ಬಂದು ಹಾಳೆ ಹರಡಿಕೊಂಡು ಕೂತರೆ ನಿನ್ನೆ ನಿಂತ ಜಾಗದಲ್ಲೇ ಇವತ್ತೂ ನಿಲ್ಲುತ್ತಿದ್ದ. ಅದರ ಬಗ್ಗೆ ಮಾತಾಡೋಣವೆಂದರೆ ಆ ಊರಿನಲ್ಲಿ ತಿಳಿದವರು ಇಬ್ಬರೋ ಮೂವರೋ. ಹೆಂಡತಿ ವಿರೂಪಾಕ್ಷಮ್ಮ "ಇವತ್ತರ ಆತೇನ್ರಿ?" ಎಂದು ಕೇಳುವುದನ್ನೂ ಬಿಟ್ಟಳು. ಅಲ್ಲಿಯವರೆಗೆ, ಬೇರೆಯವರ ಹೆಂಡಂದಿರು ಮಳೆ ಬಂತೇ ಎಂದು ಕೇಳುವ ಹಾಗೆ ಕೇಳುತ್ತಿದ್ದಳು, ಪಾಪ.

ಮೂವತ್ತೈದನೆಯ ಇಸವಿಯ ಬೇಸಿಗೆಯಲ್ಲಿ ಊರಿಗೆ ಬಂದಿದ್ದಾಗ ಯಲಬುರ್ಗಾ ಕಡೆಯ ಒಂದು ಹಳ್ಳಿಗೆ ನಂಟರ ಮದುವೆಗೆ ಹೋದ. ಬಿಸಿಲಿಗೆ ಗಂಟಲೊಣಗಿ ಮೆಟ್ಟಿಲ ಬಾವಿಗೆ ಇಳಿದು, ಎಲ್ಲರೂ ಕುಡಿದ ಹಾಗೆ ಬೊಗಸೆಯಲ್ಲಿ ನೀರು ಕುಡಿದ. ತಣ್ಣಗಿತ್ತು. ಅದನ್ನು ಅವನು ಅಲ್ಲಿಗೇ ಮರೆತ.

ಮರುವರ್ಷ ಅದೇ ಬೇಸಿಗೆಯಲ್ಲಿ, ಕುಷ್ಟಗಿಯ ಮನೆಯಲ್ಲಿ, ಎಡಗಾಲ ಕೀಲಿನ ಹತ್ತಿರ ಒಂದು ಬೊಬ್ಬೆ ಎದ್ದಿತು. ಬೆಂಕಿ ಇಟ್ಟ ಹಾಗೆ ಉರಿ. ಬೊಬ್ಬೆ ಒಡೆದ ಮೇಲೆ ಅದರೊಳಗಿಂದ ಬಿಳಿಯ ದಾರದ ಎಳೆಯಂಥದು ಇಣುಕಿತು. ಅವ್ವ ನೋಡಿ, "ನಾರು ಬಂದೈತಿ, ಹೈದರಸಾಬನ್ನ ಕರೀರಿ" ಎಂದಳು. ಆಕೆಗೆ ಅದೇನೂ ಹೊಸದಲ್ಲ. ಆ ಸೀಮೆಯಲ್ಲಿ ಬೇಸಿಗೆ ಬಂದರೆ ಪ್ರತಿ ಓಣಿಯಲ್ಲೂ ಒಬ್ಬಿಬ್ಬರು ನಾರುಹುಣ್ಣಾಗಿ ಮಲಗಿರುತ್ತಿದ್ದರು.

ಹೈದರಸಾಬ ಅಪ್ಪನ ಓರಗೆಯವನು. ಕ್ಷೌರದ ಕೆಲಸದ ಜೊತೆಗೆ ಹುಣ್ಣು ಕಟ್ಟುವುದು, ನಾರು ಸುತ್ತುವುದು ಅವನ ಮನೆತನದಲ್ಲಿ ನಡೆದು ಬಂದದ್ದು. ನಾರುಹುಳದ ತುದಿಯನ್ನು ಒಂದು ಸಣ್ಣ ಕಡ್ಡಿಗೆ ಸಿಕ್ಕಿಸಿ, ದಿನಾ ಬೆಳಿಗ್ಗೆ ಬಂದು ಒಂದಿಷ್ಟೇ ಸುತ್ತು ಎಳೆದು, ಅರಿವೆ ಕಟ್ಟಿ ಹೋಗುತ್ತಿದ್ದ. "ಅವಸರ ಮಾಡಿ ಜಗ್ಗಿದರ ಹರೀತೈತಿ ತಮ್ಮಾ. ಹರಿದ್ರ ಕಾಲು ಹೋದಂಗ. ಸುಮ್ನ ಮಲಕ್ಕೋ," ಎನ್ನುತ್ತಿದ್ದ.

ಅವನು ಎಷ್ಟು ಜೋಪಾನ ಮಾಡಿದರೂ ಹುಳ ಅರ್ಧಕ್ಕೆ ಹರಿಯಿತು. ಕಾಲು ಬಾತು ಕುಂಬಳಕಾಯಿ ಆಯಿತು, ಜ್ವರ ಏರಿತು. ಅಣ್ಣ ದೊಡ್ಡಬಸಪ್ಪ ಗಾಡಿ ಕಟ್ಟಿ ಅವನನ್ನೂ ಅವ್ವನನ್ನೂ ಕೊಪ್ಪಳದ ದವಾಖಾನೆಗೆ ಕರೆದೊಯ್ದ. ಅಲ್ಲಿನ ಡಾಕ್ಟರು ತೆಲುಗು ಸೀಮೆಯವನು, ಮಿತಭಾಷಿ. ಕೀವು ತೆಗೆದು, ಹಲವು ದಿನ ಅಲ್ಲೇ ಇರಿಸಿಕೊಂಡ. ಜ್ವರ ಇಳಿದ ಮೇಲೆ ಕೊಟ್ರಬಸಪ್ಪ ಉರ್ದುವಿನಲ್ಲಿ ಇದು ಎಲ್ಲಿಂದ ಬರುತ್ತದೆ ಎಂದು ಕೇಳಿದ. ಡಾಕ್ಟರು ಒಂದು ಬಾವಿಯ ನೀರು ತರಿಸಿ, ಒಂದು ಹನಿಯನ್ನು ಗಾಜಿನ ಮೇಲೆ ಇಟ್ಟು, ಸೂಕ್ಷ್ಮದರ್ಶಕದ ಮುಂದೆ ಅವನನ್ನು ಕೂಡಿಸಿದ.

ಹನಿಯಲ್ಲಿ ಒಂದು ಜೀವ ತಟಪಟ ಹಾರುತ್ತಿತ್ತು. ಒಂದೇ ಕಣ್ಣು, ಹಣೆಯ ನಡುವೆ. ಎರಡು ಉದ್ದನೆಯ ಮೀಸೆ. ಡಾಕ್ಟರು ನಿಂತಲ್ಲೇ ಹೇಳಿದ: ನಾರಿನ ಮರಿಗಳನ್ನು ಈ ಹುಳ ನುಂಗುತ್ತದೆ, ಈ ಹುಳವನ್ನು ನೀರಿನ ಜೊತೆ ನೀವು ನುಂಗುತ್ತೀರಿ. ಒಂದು ವರ್ಷ ಅದರೊಳಗಿನ ನಾರು ನಿಮ್ಮ ಮೈಯೊಳಗೆ ಬೆಳೆಯುತ್ತದೆ. ಆಮೇಲೆ ಕಾಲಿನಲ್ಲಿ ಬೊಬ್ಬೆ ಎಬ್ಬಿಸುತ್ತದೆ. ಉರಿ ತಡೆಯದೆ ನೀವು ಕಾಲನ್ನು ಬಾವಿಯ ನೀರಲ್ಲಿ ಇಳಿಬಿಡುತ್ತೀರಿ. ಅದು ಕಾಯುತ್ತಿದ್ದದ್ದೂ ಅದಕ್ಕೇ. ಮರಿಗಳನ್ನೆಲ್ಲ ನೀರಿಗೆ ಉಗುಳುತ್ತದೆ.

ಕೊಟ್ರಬಸಪ್ಪ ಬಹಳ ಹೊತ್ತು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. ಇಷ್ಟು ವರ್ಷ ತಾನು ಹುಡುಕುತ್ತಿದ್ದದ್ದು ಇಂಥದನ್ನೇ ಎನ್ನಿಸಿತು: ಒಂದು ಇನ್ನೊಂದಕ್ಕೆ, ಇನ್ನೊಂದು ಮತ್ತೊಂದಕ್ಕೆ ಕೊಂಡಿ ಹಾಕಿಕೊಂಡು ಎಲ್ಲಿಯೂ ಸಡಿಲವಿಲ್ಲದೆ ಮೊದಲಿನ ಜಾಗಕ್ಕೆ ಬಂದು ಸೇರುವುದು.

ವಾಪಸು ಬರುವಾಗ ಗಾಡಿಯಲ್ಲಿ ಅವ್ವ ಕೇಳಿದಳು, "ಡಾಕ್ಟರ್ ಏನಂದ್ನೋ?"

ಅವನು ಬಾಯಿ ತೆರೆದ. ಉರ್ದುವಿನಲ್ಲಿ ಎಲ್ಲವೂ ತಿಳಿದಿತ್ತು, ಇಂಗ್ಲಿಷಿನಲ್ಲಿ ಓದಬಲ್ಲವನಾಗಿದ್ದ. ಕನ್ನಡದಲ್ಲಿ ಒಂದು ಮಾತೂ ಹೊರಡಲಿಲ್ಲ. ಕೊನೆಗೆ, "ಬಾವಿ ನೀರಾಗ ಹುಳ ಐತೆವ್ವ," ಎಂದ.

"ಹುಳ ಇದ್ರ ನಮಗ ಕಾಣೂದಿಲ್ಲೇನು? ನಾ ಕುರುಡಿ ಅಲ್ಲ."

"ಕಣ್ಣಿಗೆ ಕಾಣೂದಿಲ್ಲವ್ವ. ಭಾಳ ಸಣ್ಣದು."

"ಕಣ್ಣಿಗೆ ಕಾಣದ್ದು ಕಾಲಾಗ ಮಾರುದ್ದ ಹೆಂಗ ಹೊರಬೀಳತೈತೋ? ನನ್ನ ಮುಂದ ಹೇಳಿದೆಲ್ಲ, ಮಂದಿ ಮುಂದ ಹೇಳಬ್ಯಾಡ. ಓದಿದವಗ ಜ್ವರ ನೆತ್ತಿಗೇರೇತಿ ಅಂದಾರು."

ಮುಂದೆ ಕೂತು ಎತ್ತು ಹೊಡೆಯುತ್ತಿದ್ದ ದೊಡ್ಡಬಸಪ್ಪ ನಕ್ಕ. ಕೊಟ್ರಬಸಪ್ಪನಿಗೆ ನಗು ಬರಲಿಲ್ಲ. ಅವನು ಎಷ್ಟೋ ವರ್ಷ ಮಾತುಗಳನ್ನು ಒಂದರ ಮೇಲೊಂದು ಇಟ್ಟು ಸಾಧಿಸಿ ತೋರಿಸುವ ಕೆಲಸ ಮಾಡಿದವನು. ಆ ಕೆಲಸದಲ್ಲಿ ಎದುರಿನವನು ನಂಬುತ್ತಾನೋ ಇಲ್ಲವೋ ಎನ್ನುವ ಪ್ರಶ್ನೆಯೇ ಏಳುತ್ತಿರಲಿಲ್ಲ. ಸಾಧಿಸಿದ ಮೇಲೆ ಮುಗಿಯಿತು. ಇಲ್ಲಿ ಹಡೆದವ್ವನಿಗೆ ಒಂದು ಹನಿ ನೀರಿನ ವಿಷಯ ಹೇಳಲಾಗಲಿಲ್ಲ.

ಆ ಮಳೆಗಾಲವೆಲ್ಲ ಅವನು ಹಾಸಿಗೆಯಲ್ಲಿದ್ದ. ಆಗ ಬರೆದ ಮೊದಲ ಲೇಖನ ಗಣಿತದ ಪ್ರಮೇಯದ ಸಾಧನೆಯ ಹಾಗೆಯೇ ಇತ್ತು. ಇದು ಗೊತ್ತಿರುವುದು, ಇದು ಅದರಿಂದ ಬರುವುದು, ಆದ್ದರಿಂದ ಹೀಗೆ. ವಿರೂಪಾಕ್ಷಮ್ಮ ಅಕ್ಕಿ ಆರಿಸುತ್ತ ಕೇಳಿದಳು. ಅರ್ಧಕ್ಕೆ ಬರುವಷ್ಟರಲ್ಲಿ ಮೊರದ ಮೇಲೆ ಕೈ ನಿಂತು ಕಣ್ಣು ಮುಚ್ಚಿತ್ತು.

"ನಿದ್ದಿ ಬಂತೇನು?"

"ಇಲ್ರಿ, ಕೇಳಾಕತ್ತೀನಿ," ಎಂದಳು. ಆಮೇಲೆ ಮೊರ ಪಕ್ಕಕ್ಕಿಟ್ಟು, "ಯಾರಿಗೆ ಹೇಳಾಕತ್ತೀರಿ ಇದನ್ನ? ನನಗ ಹೇಳಿದಂಗ ಅನಸಲಿಲ್ಲ," ಎಂದಳು.

ಅವನು ಅದನ್ನು ಹರಿದು ಮತ್ತೆ ಬರೆದ. ನೀರಿಗಿಳಿದ ಒಬ್ಬ ಮನುಷ್ಯನ ಕಾಲಿನಿಂದ ಶುರು ಮಾಡಿದ. ಒಂಟಿಗಣ್ಣಿನ ಹುಳವನ್ನು ಅದರ ಮನೆಯಲ್ಲಿ ನೋಡಿದ ಹಾಗೆ ಬರೆದ. ಗದಗಿನಿಂದ ಹೊರಡುತ್ತಿದ್ದ ಒಂದು ವಾರಪತ್ರಿಕೆ ಅದನ್ನು ಅಚ್ಚು ಹಾಕಿತು. ಸಂಪಾದಕರು ಇನ್ನಷ್ಟು ಬರೆಯಿರಿ ಎಂದು ಹೇಳಿ ಕಳಿಸಿದರು.

ಕಾಲಿನ ಹುಣ್ಣು ಕೂಡಿಕೊಂಡ ಮೇಲೆ ಹೈದರಾಬಾದಿಗೆ ಹೋದ. ಕರಿಹಲಗೆಯ ಮುಂದೆ ತಾಸುಗಟ್ಟಲೆ ನಿಲ್ಲಲು ಆಗುತ್ತಿರಲಿಲ್ಲ. ಆದರೂ ಕುರ್ಚಿ ಹಾಕಿಕೊಂಡು ಪಾಠ ಮಾಡಬಹುದಿತ್ತು. ಪ್ರೊಫೆಸರ್ ಸಾಹೇಬರು ಅದನ್ನೇ ಹೇಳಿದರು. ಅವನು ರಾಜೀನಾಮೆ ಕೊಡುತ್ತೇನೆಂದಾಗ ಅವರು, ಬಾವಿಯ ಹುಳದ ಬಗ್ಗೆ ಬರೆಯುವವರು ಸಿಗುತ್ತಾರೆ, ಈ ಪ್ರಶ್ನೆಯನ್ನು ಇಷ್ಟು ದೂರ ತಂದವರು ಸಿಗುವುದಿಲ್ಲ ಎಂದರು. ಪ್ರಶ್ನೆ ನನ್ನನ್ನು ಬಿಟ್ಟು ಬಹಳ ದಿನವಾಯಿತು ಎಂದು ಅವನು ಹೇಳಬೇಕೆಂದಿದ್ದ. ಕಾಲು ನೋವಿನ ನೆಪ ಹೇಳಿ ಬಂದುಬಿಟ್ಟ.

ಕೊಪ್ಪಳದ ಒಂದು ಸಾಲೆಯಲ್ಲಿ ಲೆಕ್ಕದ ಮಾಸ್ತರನಾದ. ಕೂಡುವುದು, ಕಳೆಯುವುದು, ಬಡ್ಡಿಯ ಲೆಕ್ಕ. ಸಾಲೆ ಬಿಟ್ಟ ಮೇಲೆ ಬರೆಯುವುದು. ಗ್ರಹಣ ಹೇಗೆ ಹಿಡಿಯುತ್ತದೆ, ಸಿಡಿಲು ಮರಕ್ಕೇ ಯಾಕೆ ಹೊಡೆಯುತ್ತದೆ, ಕಾಲರಾ ಹೇಗೆ ಹರಡುತ್ತದೆ. ಪ್ರತಿಯೊಂದಕ್ಕೂ ಮಾತು ಹುಡುಕಬೇಕಿತ್ತು. ಸಂಸ್ಕೃತದಿಂದ ತಂದರೆ ಓದುವವರಿಗೆ ತಿಳಿಯದು; ಉರ್ದುವಿನಿಂದ ತಂದರೆ ಗದಗಿನ ಪತ್ರಿಕೆಯವರು ಹೊಡೆದುಹಾಕುವರು; ಓಣಿಯ ಮಾತು ಹಾಕಿದರೆ ಜೊತೆಯ ಮಾಸ್ತರರು ನಗುವರು. ಅವರು ಅವನಿಗೆ "ಹುಳದ ಮಾಸ್ತರ" ಎಂದು ಹೆಸರಿಟ್ಟರು. ಒಂದು ಪುಟ ಬರೆಯುವುದು ಒಂದು ಬಂಡಿ ಕಲ್ಲು ಇಳಿಸಿದ ಹಾಗಾಗುತ್ತಿತ್ತು.

ನಾರುಹುಣ್ಣಿನ ಬಗ್ಗೆ ಎರಡನೆಯ ಸಲ ಬರೆದಾಗ ನೀರು ಕುದಿಸಿ ಕುಡಿಯಿರಿ ಎಂದಿದ್ದ. ಗಿಣಿಗೇರಾದ ಬಾವಿಯ ಹತ್ತಿರ ಒಂದು ಭಾನುವಾರ ತಾನೇ ಅದನ್ನು ಓದಿ ಹೇಳಿದ. ಕೊಡ ಇಳಿಸಿ ನಿಂತು ಕೇಳಿದ ಹಂಪವ್ವ ಎಂಬಾಕೆ, "ರೊಟ್ಟಿ ಬಡ್ಯಾಕ ಕುಳ್ಳು ಸಾಲವಲ್ವು ಮಾಸ್ತರ್ರ, ನೀರಿಗೆ ಎಲ್ಲಿಂದ ಉರಿ ಹಾಕೂಣು?" ಎಂದು ಕೊಡ ಎತ್ತಿಕೊಂಡು ಹೋದಳು. ಅವನಿಗೆ ನಾಚಿಕೆಯಾಯಿತು. ಡಾಕ್ಟರನ್ನು ಮತ್ತೆ ಕೇಳಿದ. ಎರಡು ಪದರ ದಟ್ಟ ಅರಿವೆಯಲ್ಲಿ ಸೋಸಿದರೂ ಆ ಹುಳ ನಿಲ್ಲುತ್ತದೆ ಎಂದು ತಿಳಿಯಿತು. ಅಲ್ಲಿಂದ ಮುಂದೆ ಅದನ್ನೇ ಬರೆದ, ಅದನ್ನೇ ಹೇಳಿದ. ಕುಷ್ಟಗಿಗೆ ಹೋಗಿ ಅವ್ವನ ಕೊಡದ ಬಾಯಿಗೆ ತಾನೇ ಅರಿವೆ ಕಟ್ಟಿ ತೋರಿಸಿ ಬಂದ. ಮುಂದಿನ ಸಲ ಹೋದಾಗ ಅರಿವೆ ಕೊಡದ ಮೇಲೆಯೇ ಇತ್ತು. ಅದಕ್ಕೂ ಮುಂದಿನ ಸಲವೂ ಇತ್ತು. ಸಮಾಧಾನವಾಯಿತು.

ನಲವತ್ತೊಂದರ ಬೇಸಿಗೆಯಲ್ಲಿ ದೊಡ್ಡಬಸಪ್ಪ ಕೊಪ್ಪಳಕ್ಕೆ ಆಳು ಕಳಿಸಿದ. ಅವ್ವನಿಗೆ ಎರಡು ಕಾಲಿನಲ್ಲೂ ನಾರು ಹೊರಟಿತ್ತು.

ಕೊಟ್ರಬಸಪ್ಪ ಹೋದಾಗ ಆಕೆ ಗೋಡೆಗೆ ಒರಗಿ ಕೂತಿದ್ದಳು. ಅವನು ಕೇಳುವ ಮೊದಲೇ ಹೇಳಿದಳು, "ನೀ ಬಂದಾಗ ಸೋಸ್ತಿದ್ದೆ. ನೀ ಬರೂ ಸುದ್ದಿ ಬಂದ್ರ ಅರಿವಿ ಒಗದು ಕಟ್ಟತಿದ್ದೆ."

"ಉಳಿದ ದಿನ?"

"ಉಳಿದ ದಿನ ಯಾರು ನೋಡ್ತಾರೋ. ನಿನಗ ಬ್ಯಾಸರ ಆಗಬಾರದಂತ ಕಟ್ಟತಿದ್ದೆ. ಹುಳದ್ದು ನನಗ ಖರೇ ಅನಸಲಿಲ್ಲ, ತಮ್ಮಾ."

ಹೈದರಸಾಬ ಮುದುಕನಾಗಿದ್ದರೂ ಸುತ್ತುವುದನ್ನು ತಾನೇ ಮಾಡಿದ. ಈ ಸಲ ಹುಳ ಹರಿಯಲಿಲ್ಲ. ಆದರೆ ಹುಣ್ಣಿಗೆ ಧನುರ್ವಾಯು ಸೇರಿತು. ದವಡೆ ಕಚ್ಚಿಕೊಂಡಿತು, ಬೆನ್ನು ಬಿಲ್ಲಾಯಿತು. ಕೊಪ್ಪಳದ ತನಕ ಗಾಡಿಯಲ್ಲಿ ಒಯ್ಯುವ ಸ್ಥಿತಿಯಿರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಕಳಕಮ್ಮ ತೀರಿಕೊಂಡಳು.

ಮಣ್ಣು ಮಾಡಿ ಬಂದ ಮೇಲೆ ಅವನು ಬರೆಯುವುದನ್ನು ಬಿಟ್ಟ. ಯಾರ ಮೇಲೂ ಸಿಟ್ಟಿರಲಿಲ್ಲ. ಸಾಲೆಗೆ ಹೋಗುತ್ತಿದ್ದ, ಬರುತ್ತಿದ್ದ, ಊಟ ಮಾಡುತ್ತಿದ್ದ. ಗದಗಿನಿಂದ ಕೇಳಿ ಕಳಿಸಿದರೆ ಮೈಯಲ್ಲಿ ಸರಿಯಿಲ್ಲ ಎನ್ನುತ್ತಿದ್ದ. ವಿರೂಪಾಕ್ಷಮ್ಮ ಮಸಿಯ ದೌತಿಯನ್ನು ತೊಳೆದು ಒಣಗಿಸಿ ಗೋಡೆಯ ಗೂಡಿನಲ್ಲಿಟ್ಟಳು. ಲೋಕಕ್ಕೆಲ್ಲ ತಿಳಿಸುವುದಕ್ಕೆ ಹೊರಟವನಿಗೆ ಅವ್ವನ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಲಿಲ್ಲ. ಇನ್ನು ಗುರುತಿಲ್ಲದವರಿಗೆ ಬರೆದು ಆಗಬೇಕಾದದ್ದೇನು ಎಂದು ಅವನು ಹೆಂಡತಿಯನ್ನು ಕೇಳುತ್ತಿದ್ದ. ಹೀಗೆ ವರ್ಷ ಕಳೆಯಿತು, ಮತ್ತೂ ಒಂದಿಷ್ಟು ತಿಂಗಳು.

ಒಂದು ದಿನ ಹೈದರಸಾಬ ಕೋಲೂರಿಕೊಂಡು ಕೊಪ್ಪಳದ ಮನೆಗೆ ಬಂದ. ಮಗಳ ಮನೆಗೆ ಬಂದಿದ್ದೆ, ಹಾಗೇ ಬಂದೆ ಎಂದ. ಚಹಾ ಕುಡಿದು, "ತಮ್ಮಾ, ಆ ಹುಳದ್ದು ಬರದಿದ್ದೆಲ್ಲ, ಅದನ್ನ ನನಗೊಮ್ಮೆ ಓದಿ ಹೇಳು," ಎಂದ.

"ಯಾಕ ಕಾಕಾ? ಅದರಿಂದ ಏನೂ ಆಗಲಿಲ್ಲ."

"ನಾ ನಾರು ಸುತ್ತುವಾಗ ಮಂದಿ ಅಲ್ಲಾಡದಂಗ ಕುಂದರಬೇಕು. ಮಾತಾಡಿಸಿಕೋತ ಇದ್ರ ಕುಂದರತಾರ. ನನ್ನ ಹಳೇ ಮಾತೆಲ್ಲ ಮುಗದಾವು. ಇದೊಂದು ಹೇಳಿದರ ಕೇಳ್ಯಾರು. ನೋಯೂ ಕಾಲು ಕಣ್ಣಮುಂದ ಇರತೈತಿ ನೋಡು, ಆವಾಗ ಕೇಳತಾರ."

ಕೊಟ್ರಬಸಪ್ಪ ಓದಿದ. ಹೈದರಸಾಬ ಕಣ್ಣು ಮುಚ್ಚಿಕೊಂಡು ಕೇಳಿ ಎರಡು ಕಡೆ ತಡೆದ. "ಇದನ್ನ ಬಿಟ್ಟಬಿಡು. ಇಲ್ಲಿ ಭಾಳ ಉದ್ದ ಆತು. ಹುಳದ ಕಣ್ಣಿಂದು ಮತ್ತೊಮ್ಮೆ ಹೇಳು, ಅದು ಛಲೋ ಐತಿ." ಮತ್ತೆ ಓದಿಸಿಕೊಂಡ. ಹೊರಡುವಾಗ ಬಾಗಿಲಲ್ಲಿ ನಿಂತು, "ನಿಮ್ಮವ್ವ ಖರೇ ಹೇಳಿದ್ಲು, ಅಕಿಗೆ ಅನಸಲಿಲ್ಲ. ನಿನ್ನ ತಪ್ಪಲ್ಲ ಅದು, ಅಕೀದೂ ಅಲ್ಲ," ಎಂದು ಹೋದ.

ವಿರೂಪಾಕ್ಷಮ್ಮ ಏನೂ ಕೇಳದೆ ದೌತಿಯಲ್ಲಿ ಮಸಿ ಕಲಸಿಟ್ಟಳು. ಅಂದಿನಿಂದ ಅವನು ಬರೆದದ್ದು ಬೇರೆ ಬಗೆಯದು. ಕಣ್ಣಿಂದ ಓದುವವರಿಗಲ್ಲ, ಕೂತು ಕೇಳುವವರಿಗೆ. ಚಿಕ್ಕದು, ಬಾಯಲ್ಲಿ ಹಿಡಿದುಕೊಂಡು ಹೋಗುವಂಥದು. ಅದು ಮೊದಲಿಗಿಂತ ಹೆಚ್ಚು ಕಷ್ಟದ ಕೆಲಸವಾಯಿತು. ಮೊದಲಿನ ಹುರುಪು ಇರಲಿಲ್ಲ. ಗಣಿತದಲ್ಲಿ ಆದ ದಣಿವು ಇಲ್ಲಿಯೂ ಬಂದು ಪಕ್ಕದಲ್ಲಿ ಕೂತಿತು. ಆದರೆ ಇಲ್ಲಿ ಅದರ ಜೊತೆಗೆ ಕೆಲಸ ಮಾಡಬಹುದು ಎಂದು ಕಂಡುಕೊಂಡ. ಮೂರು ವರ್ಷದ ಹೊತ್ತಿಗೆ ಹೈದರಸಾಬ ತೀರಿಕೊಂಡ. ಅವನು ಯಾರಿಗೆ ಹೇಳಿದ, ಎಷ್ಟು ಹೇಳಿದ, ಕೇಳಿದವರು ಏನು ಮಾಡಿದರು ಎನ್ನುವುದು ಕೊಟ್ರಬಸಪ್ಪನಿಗೆ ತಿಳಿಯಲಿಲ್ಲ.

ನಲವತ್ತಾರರಲ್ಲಿ ಸಾಲೆಯ ಕೆಲಸಕ್ಕೆಂದು ಯಲಬುರ್ಗಾಕ್ಕೆ ಹೋದವನು ದಾರಿಯ ಒಂದು ಹಳ್ಳಿಯಲ್ಲಿ ಬಿಸಿಲು ಇಳಿಯಲೆಂದು ನಿಂತ. ಊರ ಮುಂದಿನ ಮೆಟ್ಟಿಲ ಬಾವಿಯ ಬಾಯಿಗೆ ಗೌಂಡಿಗಳು ಕಟ್ಟೆ ಕಟ್ಟುತ್ತಿದ್ದರು. ಕೆಳಗಿಳಿಯುವ ಮೆಟ್ಟಿಲಿಗೆ ಅಡ್ಡಲಾಗಿ ಗೋಡೆ ಎದ್ದಿತ್ತು; ಮೇಲೆ ನೀರು ಸೇದಲು ಗಡಗಡಿ ಹಾಕುವ ಎರಡು ಕಲ್ಲುಕಂಬ ನಿಂತಿದ್ದವು. ಕೆಲಸ ನೋಡಿಕೊಳ್ಳುತ್ತಿದ್ದ ಕಾಳಪ್ಪ ಎಂಬ ರೈತ ಅವನನ್ನು ಬೇವಿನ ನೆರಳಿಗೆ ಕರೆದು ತಂಬಿಗೆಯಲ್ಲಿ ನೀರು ಕೊಟ್ಟ.

"ಕುಡೀರಿ, ಸೋಸಿದ್ದೈತಿ," ಎಂದ.

ಕೊಟ್ರಬಸಪ್ಪ ತಂಬಿಗೆ ಹಿಡಿದುಕೊಂಡು, "ಮೆಟ್ಲ ಯಾಕ ಮುಚ್ಚಾಕತ್ತೀರಿ?" ಎಂದು ಕೇಳಿದ.

ಕಾಳಪ್ಪ ಅವನ ಕುಂಟುಗಾಲು ನೋಡಿ, "ನಿಮಗೂ ಬಂದಿತ್ತೇನು?" ಎಂದು, ಪಟ್ಟಣದವರಿಗೆ ತಿಳಿಸಿ ಹೇಳುವ ಧಾಟಿಯಲ್ಲಿ ಶುರು ಮಾಡಿದ. "ನೀರಾಗ ಒಂದು ಒಂಟಿಗಣ್ಣಿನ ಹುಳ ಇರತೈತ್ರಿ. ಅದು ಮನಷ್ಯಾನ ಕಾಲಿಗೆ ದಾರಿ ಕಾಯಕೋತ ಮೆಟ್ಲ ಮ್ಯಾಲ ಕುಂತಿರತೈತಿ. ಹುಣ್ಣಿದ್ದಾವ ಕಾಲಿಟ್ರ ನಾರಿನ ಮರಿ ನುಂಗತೈತಿ. ಎರಡು ಪದರ ಅರಿವಿ ಕಂಡ್ರ ಅದಕ್ಕ ಕಣ್ಣ ಕಾಣೂದಿಲ್ಲ, ಹಾಯೂದಿಲ್ಲ. ಅದಕ್ಕ ಯಾರೂ ಇಳೀಬಾರದಂತ ಕಟ್ಟೀ ಕಟ್ಟಸಾಕತ್ತೀವಿ."

ಅರಿವೆ ಕಂಡರೆ ಕುರುಡಾಗುವುದನ್ನು ಕೊಟ್ರಬಸಪ್ಪ ಎಂದೂ ಬರೆದಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಕಾಯುವುದನ್ನೂ ಬರೆದಿರಲಿಲ್ಲ. ತಿದ್ದಬೇಕೆಂದು ನಾಲಿಗೆಯ ತುದಿಗೆ ಬಂತು. ಹತ್ತಿರದಲ್ಲಿಟ್ಟಿದ್ದ ಕೊಡವನ್ನು ನೋಡಿದ. ಬಾಯಿಗೆ ಕಟ್ಟಿದ್ದ ಅರಿವೆ ಎರಡು ಪದರವೇ ಇತ್ತು, ದಟ್ಟವಾದದ್ದೇ ಇತ್ತು.

"ಇದನ್ನ ಯಾರು ಹೇಳಿದ್ರು ನಿಮಗ?" ಎಂದಷ್ಟೇ ಕೇಳಿದ.

ಕಾಳಪ್ಪನಿಗೆ ಪ್ರಶ್ನೆ ವಿಚಿತ್ರವೆನ್ನಿಸಿತು. "ಯಾರು ಹೇಳಬೇಕ್ರಿ? ಎಲ್ಲಾರಿಗೂ ಗೊತ್ತಿದ್ದದ್ದ. ನಮ್ಮ ಮುತ್ಯಾನ ಕಾಲದಿಂದ ಹೇಳಿಕೋತ ಬಂದಾರ."

ಕೊಟ್ರಬಸಪ್ಪ ನೀರು ಕುಡಿದು ತಂಬಿಗೆ ವಾಪಸು ಕೊಟ್ಟ. ಗೌಂಡಿಯೊಬ್ಬ ಕಲ್ಲನ್ನು ಕೂಡಿಸಿ, ಸರಿಯಾಗದೆ ತೆಗೆದು, ಮತ್ತೆ ಕೂಡಿಸುತ್ತಿದ್ದ. ಅದು ಸರಿಯಾಗಿ ಕೂತದ್ದನ್ನು ನೋಡಿಕೊಂಡೇ ಅವನು ಎದ್ದ.

ಕೊಪ್ಪಳ ಮುಟ್ಟುವಾಗ ದೀಪ ಹಚ್ಚಿದ್ದರು. ಕಾಲು ಬಾತಿತ್ತು. ವಿರೂಪಾಕ್ಷಮ್ಮ ಬಿಸಿನೀರು ತಂದು ಪಾದದ ಬಳಿ ಇಟ್ಟಳು. ಅವನು ಬಾವಿಯ ವಿಷಯ, ಕಾಳಪ್ಪ ಅಂದ ಮಾತು ಎಲ್ಲ ಹೇಳಿದ.

"ನೀವ ಬರದದ್ದಂತ ಹೇಳಲಿಲ್ಲೇನ್ರಿ?"

"ಇಲ್ಲ."

"ಹೇಳಬೇಕಾಗಿತ್ತು."

"ಹೇಳಿದ್ರ ನಂಬತಿದ್ದಿಲ್ಲ," ಎಂದು ಅವನು ಬಹಳ ದಿನದ ಮೇಲೆ ಸ್ವಲ್ಪ ನಕ್ಕ. ಆರು ವರ್ಷದ ಹಿಂದೆ, ಅವ್ವ ಸೋಸದ ನೀರು ಕುಡಿಯುತ್ತಿದ್ದಾಗ, ಆ ಮುತ್ಯಾನ ಕಾಲ ಕುಷ್ಟಗಿಗೂ ಬಂದಿದ್ದರೆ ಎಂಬ ಯೋಚನೆ ಬಂತು. ಬಾತ ಕಾಲನ್ನು ಬಿಸಿನೀರಿಗೆ ಇಳಿಬಿಟ್ಟ.

ಗಂಗಾವತಿಯ ಭತ್ತದ ಗದ್ದೆಗಳ ಕಡೆ ಆ ವರ್ಷ ಚಳಿಜ್ವರ ಹೆಚ್ಚಾಗಿತ್ತು. ಸೊಳ್ಳೆಯ ಬಗ್ಗೆ ಬರೆದುಕೊಡಿ ಎಂದು ಅಲ್ಲಿಯವರು ಕೇಳಿದ್ದರು. ಮರುದಿನ ಸಾಲೆ ಬಿಟ್ಟ ಮೇಲೆ ಕೂತು ಎರಡು ಸಾಲು ಬರೆದ. ಗಟ್ಟಿಯಾಗಿ ಓದಿಕೊಂಡ. ಸರಿಬರಲಿಲ್ಲ. ಮೊದಲನೆಯ ಸಾಲನ್ನು ಹೊಡೆದು, ಕಾಲು ಚಾಚಿಕೊಂಡು, ಒಳಗಿದ್ದ ಹೆಂಡತಿಯನ್ನು ಕೂಗಿ ಕರೆದ. "ಸ್ವಲ್ಪ ಬಾ ಇಲ್ಲೆ. ಒಂದೀಟು ಕೇಳು, ನಿದ್ದಿ ಬಂದ್ರ ಹೇಳು."